ಕಾರಣ ಹೇಳದ ಇಮೇಲ್

ಆ ಇಮೇಲ್ ಸಾಮಾನ್ಯವಾಗಿ ನಾಲ್ಕೇ ಸಾಲಿನದು. ಬದಲಾದ ವ್ಯಾವಹಾರಿಕ ಅಗತ್ಯಗಳಿಂದಾಗಿ ತಮಗೆ ನೀಡಿದ್ದ ಆಫರನ್ನು ಹಿಂಪಡೆಯಲಾಗಿದೆ. ಇದು ತಮ್ಮ ಅರ್ಹತೆಯ ಕುರಿತ ತೀರ್ಮಾನವಲ್ಲ. ಆದ ತೊಂದರೆಗೆ ವಿಷಾದವಿದೆ. ತಮ್ಮ ಭವಿಷ್ಯಕ್ಕೆ ಶುಭವಾಗಲಿ. ಸಹಿ ಇರಬೇಕಾದ ಜಾಗದಲ್ಲಿ ಯಾರ ಹೆಸರೂ ಇರುವುದಿಲ್ಲ, ‘ಟ್ಯಾಲೆಂಟ್ ಅಕ್ವಿಸಿಷನ್ ಟೀಮ್’ ಎಂದಷ್ಟೇ ಇರುತ್ತದೆ. ಹಿಂದಿನ ವಾರದವರೆಗೆ ದಿನಕ್ಕೆರಡು ಸಲ ವಾಟ್ಸ್ಆ್ಯಪ್ ಮಾಡಿ ‘ಜಾಯಿನಿಂಗ್ ಪಕ್ಕಾ ತಾನೇ?’ ಎಂದು ಕೇಳುತ್ತಿದ್ದ ರಿಕ್ರೂಟರ್ ಅಂದಿನಿಂದ ಫೋನ್ ಎತ್ತುವುದಿಲ್ಲ.

ಇದು ಬರುವ ಹೊತ್ತಿಗೆ ಅಭ್ಯರ್ಥಿ ಹಳೆಯ ಕಂಪನಿಗೆ ರಾಜೀನಾಮೆ ಕೊಟ್ಟು, ಅರವತ್ತೋ ತೊಂಬತ್ತೋ ದಿನದ ನೋಟಿಸ್ ಪೀರಿಯಡ್ ಮುಗಿಸುತ್ತ ಬಂದಿರುತ್ತಾರೆ. ತಮ್ಮ ಜಾಗಕ್ಕೆ ಬಂದವರಿಗೆ ಕೆಲಸ ಕಲಿಸಿಕೊಟ್ಟಿರುತ್ತಾರೆ. ಕೈಯಲ್ಲಿದ್ದ ಇನ್ನೊಂದು ಆಫರಿಗೆ ‘ಕ್ಷಮಿಸಿ, ಬೇಡ’ ಎಂದು ಬರೆದಾಗಿರುತ್ತದೆ. ಕಲಬುರಗಿಯಿಂದಲೋ ಪುಣೆಯಿಂದಲೋ ಬರುವವರಾದರೆ ಬೆಂಗಳೂರಿನಲ್ಲಿ ಬಾಡಿಗೆ ಮನೆಗೆ ಅಡ್ವಾನ್ಸ್ ಕೊಟ್ಟಾಗಿರುತ್ತದೆ. ಊರಲ್ಲಿ ಅಪ್ಪ ನಾಲ್ಕು ಜನರ ಮುಂದೆ ಹೇಳಿಕೊಂಡಾಗಿರುತ್ತದೆ. ಈ ಕೊನೆಯದನ್ನು ಯಾವ ಕೋರ್ಟೂ ನಷ್ಟದ ಪಟ್ಟಿಗೆ ಸೇರಿಸುವುದಿಲ್ಲ, ಆದರೆ ಹೆಚ್ಚು ದಿನ ನೋಯಿಸುವುದು ಅದೇ.

ಆ ರಾತ್ರಿ ನಿದ್ದೆಗೆಡಿಸುವ ಪ್ರಶ್ನೆಗಳು ಎರಡು. ಹೀಗೆ ಮಾಡಲು ಇವರಿಗೆ ಅಧಿಕಾರವಿದೆಯೇ? ಇದ್ದರೂ, ನನಗೇ ಯಾಕೆ? ಮೊದಲನೆಯದಕ್ಕೆ ನಮ್ಮ ಕಾನೂನು ಕೊಡುವ ಉತ್ತರ ಸಪ್ಪೆಯಾದದ್ದು. ಎರಡನೆಯದಕ್ಕೆ ಉತ್ತರ ಸಿಕ್ಕಿದರೆ ಅದೇ ಕಾನೂನಿಗೆ ಹಲ್ಲು ಬರುತ್ತದೆ. ಹೆಂಗಸೆಂದು, ಅಂಗವೈಕಲ್ಯವಿದೆಯೆಂದು, ಟ್ರಾನ್ಸ್‌ಜೆಂಡರ್ ಎಂದು, ಎಚ್‌ಐವಿ ಇದೆಯೆಂದು ಬಾಗಿಲು ಹಾಕಿದರು ಎಂದು ತೋರಿಸಬಹುದಾದರೆ ದಾರಿಗಳು ತೆರೆಯುತ್ತವೆ. ತೊಡಕೇನೆಂದರೆ, ಕಾರಣ ಹೇಳಲೇಬೇಕೆಂಬ ಕಟ್ಟುಪಾಡು ಖಾಸಗಿ ಕಂಪನಿಗಿಲ್ಲ. ಕೊಟ್ಟ ಮಾತಿಗೆ ಬೆಲೆ ಕಡಿಮೆ, ಕಾರಣಕ್ಕೆ ಬೆಲೆ ಹೆಚ್ಚು, ಆ ಕಾರಣ ಇರುವುದೋ ಎದುರಾಳಿಯ ಬೀರುವಿನಲ್ಲಿ. ಆಫರ್ ಕಳೆದುಕೊಂಡವರ ಹೋರಾಟವೆಲ್ಲ ಆ ಬೀರುವಿನ ಬಾಗಿಲು ತೆಗೆಸುವುದರ ಸುತ್ತಲೇ ನಡೆಯುತ್ತದೆ.

ಕೊಟ್ಟ ಮಾತಿನ ಬೆಲೆ

ಮೊದಲ ಪ್ರಶ್ನೆಯನ್ನು ನೋಡೋಣ. ಇಲ್ಲಿ ಲಾಗುವಾಗುವುದು 1872ರ ಭಾರತೀಯ ಒಪ್ಪಂದ ಕಾಯ್ದೆ. ಅದರ ಲೆಕ್ಕದಲ್ಲಿ ಆಫರ್ ಲೆಟರ್ ಒಂದು ಪ್ರಸ್ತಾಪ. ಮೈಸೂರಿನ ಒಬ್ಬರಿಗೆ ಸೋಮವಾರ ಆಫರ್ ಬಂತು ಎನ್ನಿ. ಅವರು ಗುರುವಾರದವರೆಗೆ ಯೋಚಿಸುತ್ತ ಕೂತರೆ, ಬುಧವಾರ ಕಂಪನಿ ಅದನ್ನು ಹಿಂದಕ್ಕೆ ಪಡೆಯಬಹುದು, ಕೇಳುವವರಿಲ್ಲ. ಮಂಗಳವಾರವೇ ‘ಒಪ್ಪಿದ್ದೇನೆ’ ಎಂದು ಇಮೇಲ್ ಕಳಿಸಿದ್ದರೆ ಅಲ್ಲಿಗೆ ಪ್ರಸ್ತಾಪ ಹೋಗಿ ಒಪ್ಪಂದ ಹುಟ್ಟಿತು. ಇಮೇಲಿನಲ್ಲಿ ಆದದ್ದು ಎಂಬ ಒಂದೇ ಕಾರಣಕ್ಕೆ ಅದು ಬಿದ್ದುಹೋಗುವುದಿಲ್ಲವೆಂದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಹೇಳುತ್ತದೆ. ಹಾಗಾಗಿ ಒಪ್ಪಿದ ಮೇಲೆ ಬರುವ ‘ಆಫರ್ ಹಿಂಪಡೆಯಲಾಗಿದೆ’ ಎಂಬ ಸಾಲನ್ನು ಕಾನೂನಿನ ಕಣ್ಣಿನಲ್ಲಿ ಒಪ್ಪಂದ ಭಂಗ ಎಂದೇ ವಾದಿಸಬಹುದು.

ಆದರೆ ಆಫರ್ ಲೆಟರುಗಳನ್ನು ಬರೆಯುವವರು ಈ ಕಾಯ್ದೆಯನ್ನು ನಮಗಿಂತ ಚೆನ್ನಾಗಿ ಓದಿಕೊಂಡವರು. ಎರಡನೇ ಪುಟದಲ್ಲೆಲ್ಲೋ ‘ಈ ಆಫರ್ ಹಿನ್ನೆಲೆ ಪರಿಶೀಲನೆ, ವೈದ್ಯಕೀಯ ಅರ್ಹತೆ ಮತ್ತು ವ್ಯಾವಹಾರಿಕ ಅಗತ್ಯಗಳಿಗೆ ಒಳಪಟ್ಟಿದೆ’ ಎಂಬ ಸಾಲು ಇದ್ದೇ ಇರುತ್ತದೆ. ಮೊದಲೆರಡು ಷರತ್ತುಗಳಿಗೆ ಅರ್ಥವಿದೆ. ಹಿಂದಿನ ಕಂಪನಿಯ ಅನುಭವ ಪತ್ರ ಸುಳ್ಳೆಂದು ಹಿನ್ನೆಲೆ ಪರಿಶೀಲನೆಯಲ್ಲಿ (ಬಿಜಿವಿ) ಹೊರಬಿದ್ದರೆ, ಒಂದೇ ಅವಧಿಯಲ್ಲಿ ಎರಡು ಕಡೆ ಪಿಎಫ್ ಜಮೆಯಾದದ್ದು ಯುಎಎನ್ ದಾಖಲೆಯಲ್ಲಿ ಕಂಡರೆ ಕಂಪನಿ ಹಿಂದೆ ಸರಿಯುವುದು ನ್ಯಾಯವೇ. ಮೂರನೆಯ ಷರತ್ತು ಮಾತ್ರ ರಬ್ಬರಿನದು. ಎಲ್ಲಿಗೆ ಬೇಕಾದರೂ ಎಳೆಯಬಹುದು.

ಸರಿ, ಒಪ್ಪಂದ ಮುರಿದರು. ಕೋರ್ಟು ಆ ಕೆಲಸವನ್ನು ಕೊಡಿಸುತ್ತದೆಯೇ? ಇಲ್ಲ. ಒಬ್ಬರ ಕೈಕೆಳಗೆ ಇನ್ನೊಬ್ಬರು ದುಡಿಯುವ ಕರಾರನ್ನು ಬಲವಂತವಾಗಿ ಜಾರಿಮಾಡಿಸುವುದಿಲ್ಲ ಎನ್ನುವುದು ನಮ್ಮಲ್ಲಿ ಬಹಳ ಹಿಂದಿನಿಂದ ಬಂದ ನಿಯಮ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯಲ್ಲೂ ಅದೇ ಇದೆ. ಸರ್ಕಾರಿ ನೌಕರರು, ಕಾರ್ಮಿಕ ಕಾನೂನಿನ ವ್ಯಾಪ್ತಿಯ ಕಾರ್ಮಿಕರು, ಶಾಸನಬದ್ಧ ಸಂಸ್ಥೆಗಳ ನೌಕರರು ಇದಕ್ಕೆ ಅಪವಾದ. ಇನ್ನೂ ಕೆಲಸಕ್ಕೇ ಸೇರದವರು ಕಾರ್ಮಿಕರ ಗುಂಪಿಗೆ ಸೇರುವುದು ಕಷ್ಟ. ಉಳಿಯುವುದು ಹಣದ ಪರಿಹಾರ. ಎಷ್ಟು? 1957ರಲ್ಲಿ ಭಾರತ್ ನಿಧಿ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಾಕಿಕೊಟ್ಟ ಅಳತೆ ಇಂದಿಗೂ ಕೆಲಸ ಮಾಡುತ್ತಿದೆ: ನೋಟಿಸ್ ಕೊಟ್ಟು ತೆಗೆಯಲು ಮಾಲೀಕರಿಗೆ ಹಕ್ಕಿರುವಾಗ, ನೋಟಿಸ್ ಕೊಡದೆ ತೆಗೆದರೆ ಆದ ನಷ್ಟವೆಂದರೆ ಆ ನೋಟಿಸ್ ಅವಧಿಯ ಸಂಬಳ. ಪ್ರೊಬೇಷನ್‌ನಲ್ಲಿ ನೋಟಿಸ್ ಹದಿನೈದೇ ದಿನವಿದ್ದರೆ ಕೈಗೆ ಸಿಗಬಹುದಾದದ್ದೂ ಸುಮಾರು ಅಷ್ಟೇ. ಬಿಟ್ಟುಬಂದ ಹಳೆಯ ಕೆಲಸ, ತಿರಸ್ಕರಿಸಿದ ಇನ್ನೊಂದು ಆಫರ್, ಊರು ಬದಲಿಸಿದ ಖರ್ಚು ಇವನ್ನೂ ಕೇಳಬಹುದು. ಕೊಡಿಸುವುದು ನ್ಯಾಯಾಧೀಶರ ವಿವೇಚನೆ.

ಇದೇ ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕು. ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಬೆಳೆದು, 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ಲೀನವಾದ ವಿಜಯಾ ಬ್ಯಾಂಕು ತನ್ನ ಅಧಿಕಾರಿಯೊಬ್ಬರಿಂದ ಮೂರು ವರ್ಷ ಕೆಲಸ ಬಿಡುವುದಿಲ್ಲ, ಬಿಟ್ಟರೆ 2 ಲಕ್ಷ ರೂಪಾಯಿ ಕೊಡುತ್ತೇನೆ ಎಂಬ ಬಾಂಡ್ ಬರೆಸಿಕೊಂಡಿತ್ತು. ಅವರು ಅವಧಿಗೆ ಮುಂಚೆಯೇ ಬೇರೆ ಬ್ಯಾಂಕಿಗೆ ಹೋದರು, ಹಣ ಕಟ್ಟಿದರು, ಆಮೇಲೆ ಅದನ್ನು ಪ್ರಶ್ನಿಸಿದರು. ಕರ್ನಾಟಕ ಹೈಕೋರ್ಟ್ ಅವರ ಪರ ನಿಂತಿತ್ತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿ ಬಾಂಡನ್ನು ಎತ್ತಿಹಿಡಿಯಿತು. ಸಾರ್ವಜನಿಕ ಬ್ಯಾಂಕಿಗೆ ಹೊಸ ನೇಮಕಾತಿಯ ಖರ್ಚು ಬೀಳುತ್ತದೆ ಎನ್ನುವ ತರ್ಕದಲ್ಲಿ ತಪ್ಪೇನೂ ಇಲ್ಲ. ಆದರೆ ಮಾತಿಗೆ ತಪ್ಪಿದ ಉದ್ಯೋಗಿಯ ಬೆಲೆ ಮೊದಲೇ ಬರೆದಿಟ್ಟು ವಸೂಲಾಗುತ್ತದೆ, ಮಾತಿಗೆ ತಪ್ಪಿದ ಉದ್ಯೋಗದಾತರದ್ದು ಹದಿನೈದು ದಿನದ ಸಂಬಳಕ್ಕೆ ಇಳಿಯುತ್ತದೆ. ನನಗೆ ಇದು ಸಮವಾಗಿ ಕಾಣುವುದಿಲ್ಲ.

ಕಳೆದ ಕೆಲವು ವರ್ಷಗಳ ಐಟಿ ನೇಮಕಾತಿಯನ್ನು ಗಮನಿಸಿದವರಿಗೆ ಇದು ಹೊಸ ಕಥೆಯಲ್ಲ. 2023ರ ಫೆಬ್ರುವರಿಯಲ್ಲಿ ವಿಪ್ರೊ, ವರ್ಷಕ್ಕೆ 6.5 ಲಕ್ಷದ ಆಫರ್ ಹಿಡಿದು ಕಾಯುತ್ತಿದ್ದ ಫ್ರೆಶರುಗಳಿಗೆ 3.5 ಲಕ್ಷಕ್ಕೆ ಬರುತ್ತೀರಾ ಎಂದು ಕೇಳಿತು. ಇನ್ಫೊಸಿಸ್‌ನಲ್ಲಿ 2022ರಲ್ಲಿ ಆಯ್ಕೆಯಾದ ಎಂಜಿನಿಯರುಗಳಲ್ಲಿ ಹಲವರು ಎರಡು ವರ್ಷಕ್ಕೂ ಹೆಚ್ಚು ಕಾದು, 2024ರ ಕೊನೆಗೆ ಮೈಸೂರು ಕ್ಯಾಂಪಸ್ ಸೇರಿದರು. 2025ರ ಫೆಬ್ರುವರಿಯಲ್ಲಿ ಆಂತರಿಕ ಪರೀಕ್ಷೆ ಪಾಸಾಗಲಿಲ್ಲವೆಂದು ಅವರಲ್ಲಿ ಮುನ್ನೂರಕ್ಕೂ ಹೆಚ್ಚು ಮಂದಿ ಹೊರಬಂದರು. ಕೇಂದ್ರ ಕಾರ್ಮಿಕ ಸಚಿವಾಲಯ ವಿಷಯವನ್ನು ನೋಡುವಂತೆ ರಾಜ್ಯಕ್ಕೆ ಬರೆಯಿತು. ಇಲ್ಲೆಲ್ಲ ತಾರತಮ್ಯದ ಮಾತಿಲ್ಲ. ಬೇಡಿಕೆ ಉಕ್ಕಿದಾಗ ಲೆಕ್ಕವಿಲ್ಲದೆ ಆಫರ್ ಹಂಚಿ, ಇಳಿದಾಗ ಅದರ ಭಾರವನ್ನು ಇಪ್ಪತ್ತೆರಡರ ಹುಡುಗ ಹುಡುಗಿಯರ ಮೇಲೆ ಹಾಕಿದ ಕತೆ ಅಷ್ಟೇ. ಕಂಪನಿಗಳನ್ನು ಕೇಳಿದರೆ ಅವರ ಅಳಲೂ ಒಂದಿದೆ: ಮೂರು ಆಫರ್ ಕೈಯಲ್ಲಿಟ್ಟುಕೊಂಡು, ಸೇರುವ ದಿನ ಬೆಳಗ್ಗೆ ಫೋನ್ ಸ್ವಿಚ್ ಆಫ್ ಮಾಡುವವರು ಕಡಿಮೆಯಿಲ್ಲ. ಅದೂ ನಿಜವೇ.

ಹಾಗಾಗಿ ಆಫರ್ ಹೋದ ಪ್ರತಿಯೊಬ್ಬರೂ ತಾರತಮ್ಯಕ್ಕೆ ಸಿಕ್ಕವರಲ್ಲ. ಹೆಚ್ಚಿನ ಸಲ ಯಾರದೋ ಬಜೆಟ್ ಕಡಿತವಾಗಿರುತ್ತದೆ, ಪ್ರಾಜೆಕ್ಟ್ ಕೈತಪ್ಪಿರುತ್ತದೆ. ಆದರೆ ಕೆಲವು ಸಲ ಇಮೇಲಿಗೆ ಎರಡು ದಿನ ಮೊದಲು ಇನ್ನೇನೋ ನಡೆದಿರುತ್ತದೆ. ಮೆಡಿಕಲ್ ರಿಪೋರ್ಟ್ ಹೋಗಿರುತ್ತದೆ. ‘ಜೂನ್‌ನಲ್ಲಿ ಡೆಲಿವರಿ ಇದೆ, ರಜೆ ಹೇಗೆ?’ ಎಂದು ಅಭ್ಯರ್ಥಿ ಪ್ರಾಮಾಣಿಕವಾಗಿ ಕೇಳಿರುತ್ತಾರೆ. ದಾಖಲೆಗಳ ಜೊತೆ ಜಾತಿ ಪ್ರಮಾಣಪತ್ರ ಸೇರಿಕೊಂಡಿರುತ್ತದೆ. ಆಗ ‘ವ್ಯಾವಹಾರಿಕ ಅಗತ್ಯ’ ಎಂಬ ಮಾತನ್ನು ಸುಮ್ಮನೆ ನಂಬಿ ಕೂರಬಾರದು.

ವಿರಾಜಪೇಟೆಯ ಅರ್ಜಿದಾರೆ

ಈ ದೇಶದಲ್ಲಿ ‘ಯಾಕೆ’ ಎಂದು ಗಟ್ಟಿಯಾಗಿ ಕೇಳಿದವರಲ್ಲಿ ಕೊಡಗಿನ ಹೆಣ್ಣುಮಗಳೊಬ್ಬರು ಮೊದಲ ಸಾಲಿನವರು. ವಿರಾಜಪೇಟೆಯಲ್ಲಿ 1924ರಲ್ಲಿ ಹುಟ್ಟಿದ ಸಿ.ಬಿ. ಮುತ್ತಮ್ಮ 1949ರಲ್ಲಿ ಭಾರತೀಯ ವಿದೇಶಾಂಗ ಸೇವೆ ಸೇರಿದರು. ಆ ಸೇವೆಗೆ ಹೋದ ಮೊದಲ ಮಹಿಳೆ ಅವರು. ಸಂದರ್ಶನದಲ್ಲಿ ಲೋಕಸೇವಾ ಆಯೋಗದ ಅಧ್ಯಕ್ಷರು ಈ ಸೇವೆ ಬೇಡವೆಂದು ಮನವೊಲಿಸಲು ನೋಡಿದರು, ಮೌಖಿಕ ಪರೀಕ್ಷೆಯಲ್ಲಿ ತಮಗೆ ಕನಿಷ್ಠ ಅಂಕ ಕೊಡಿಸಲು ಪ್ರಭಾವ ಬಳಸಿದ್ದಾಗಿ ಆಮೇಲೆ ಅವರೇ ತಮ್ಮೆದುರು ಹೇಳಿದರು ಎಂದು ಮುತ್ತಮ್ಮ ಮುಂದೆ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಅರ್ಜಿಯಲ್ಲಿ ಬರೆದರು. ಸೇರುವಾಗ ಅವರಿಂದ ಒಂದು ಮುಚ್ಚಳಿಕೆಯನ್ನೂ ಬರೆಸಿಕೊಳ್ಳಲಾಗಿತ್ತು: ಮದುವೆಯಾದರೆ ರಾಜೀನಾಮೆ ಕೊಡುತ್ತೇನೆ ಎಂದು.

ನಿಯಮ ಪುಸ್ತಕದಲ್ಲೂ ಅದು ಇತ್ತು. ವಿದೇಶಾಂಗ ಸೇವೆಯ ಮಹಿಳೆ ಮದುವೆಗೆ ಮುಂಚೆ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು. ಸಂಸಾರದಿಂದ ಕೆಲಸಕ್ಕೆ ಅಡ್ಡಿಯಾಗುತ್ತದೆ ಎಂದು ಸರ್ಕಾರಕ್ಕೆ ಅನಿಸಿದರೆ ಮದುವೆಯಾದ ಮೇಲೂ ರಾಜೀನಾಮೆ ಕೇಳಬಹುದು. ವಿವಾಹಿತೆಗೆ ಈ ಸೇವೆಗೆ ನೇಮಕಗೊಳ್ಳುವ ಹಕ್ಕೇ ಇಲ್ಲ ಎಂದು ಇನ್ನೊಂದು ನಿಯಮ. ಗಂಡಸರಿಗೆ ಇವು ಯಾವುವೂ ಅನ್ವಯಿಸುತ್ತಿರಲಿಲ್ಲ. ಮೂವತ್ತು ವರ್ಷ ದುಡಿದ ಮೇಲೆ ಬಡ್ತಿ ತಪ್ಪಿದಾಗ ಮುತ್ತಮ್ಮ ಕೋರ್ಟಿಗೆ ಹೋದರು. ವಿಚಾರಣೆ ನಡೆಯುತ್ತಿರುವಾಗಲೇ ಸರ್ಕಾರ ಬಡ್ತಿ ಕೊಟ್ಟು, ವಿವಾದಿತ ನಿಯಮಗಳನ್ನೂ ಕೈಬಿಡುತ್ತಿದ್ದೇವೆ ಎಂದಿತು. 1979ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅರ್ಜಿಯನ್ನು ಮುಗಿಸಿದರೂ ಸುಮ್ಮನೆ ಮುಗಿಸಲಿಲ್ಲ. ಸೇವಾ ನಿಯಮಗಳಲ್ಲಿರುವ ಲಿಂಗ ತಾರತಮ್ಯದ ಕಲೆಗಳನ್ನೆಲ್ಲ ತೊಳೆಯುವಂತೆ ಸರ್ಕಾರಕ್ಕೆ ಖಾರವಾಗಿಯೇ ಹೇಳಿದರು.

ಹತ್ತು ವರ್ಷದ ನಂತರ ಇದೇ ಜಗಳ ಇನ್ನೊಂದು ರೂಪದಲ್ಲಿ ಬಂತು. ಎಲ್‌ಐಸಿಗೆ ಸಹಾಯಕಿಯಾಗಿ ಆಯ್ಕೆಯಾದ ನೀರಾ ಮಾಥುರ್ ಲಿಖಿತ ಪರೀಕ್ಷೆ, ಸಂದರ್ಶನ, ವೈದ್ಯಕೀಯ ತಪಾಸಣೆ ಎಲ್ಲ ದಾಟಿ 1989ರಲ್ಲಿ ಕೆಲಸಕ್ಕೆ ಸೇರಿದರು. ಪ್ರೊಬೇಷನ್‌ನಲ್ಲಿ ಹೆರಿಗೆ ರಜೆ ಹಾಕಿದ ಮೇಲೆ ಅವರನ್ನು ತೆಗೆದುಹಾಕಲಾಯಿತು. ಕೆಲಸ ಅತೃಪ್ತಿಕರವಾಗಿತ್ತು ಎಂದು ಸಂಸ್ಥೆ ಹೇಳಲಿಲ್ಲ. ಅರ್ಜಿಯ ಘೋಷಣೆಯಲ್ಲಿ ಸುಳ್ಳು ಹೇಳಿದ್ದಾರೆ ಎಂದಿತು. ಆ ಘೋಷಣಾ ಪತ್ರ ಕೋರ್ಟಿನ ಮುಂದೆ ಬಂದಾಗ ಅದರಲ್ಲಿ ಕಂಡದ್ದು ಏನು? ಮುಟ್ಟು ಸರಿಯಾಗಿ ಆಗುತ್ತದೆಯೇ, ಕೊನೆಯ ಮುಟ್ಟಿನ ದಿನಾಂಕ ಯಾವುದು, ಎಷ್ಟು ಸಲ ಗರ್ಭ ನಿಂತಿದೆ ಎಂಬ ಕಾಲಂಗಳು. ವಿಮಾ ಕಚೇರಿಯಲ್ಲಿ ಕಡತ ನೋಡುವ ಕೆಲಸಕ್ಕೆ! 1991ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಕೆಲಸಕ್ಕೆ ಮರಳಿ ತೆಗೆದುಕೊಳ್ಳಲು ಹೇಳಿತು, ಆ ಕಾಲಂಗಳನ್ನು ಅರ್ಜಿಯಿಂದ ಕಿತ್ತುಹಾಕಿಸಿತು.

ಮುತ್ತಮ್ಮನವರಿಗೂ ಮಾಥುರ್ ಅವರಿಗೂ ಒಂದು ಅನುಕೂಲವಿತ್ತು. ಅವರ ಎದುರಾಳಿಗಳು ತಾರತಮ್ಯವನ್ನು ನಾಚಿಕೆಯಿಲ್ಲದೆ ಅಚ್ಚು ಹಾಕಿಸಿಟ್ಟಿದ್ದರು. ಒಬ್ಬರದು ನಿಯಮ ಪುಸ್ತಕದಲ್ಲಿ, ಇನ್ನೊಬ್ಬರದು ಅರ್ಜಿ ನಮೂನೆಯಲ್ಲಿ. ಜೊತೆಗೆ ಇಬ್ಬರ ಎದುರಿಗಿದ್ದದ್ದೂ ಪ್ರಭುತ್ವವೇ. ಸಂವಿಧಾನದ 14, 15, 16ನೇ ವಿಧಿಗಳನ್ನು ನೇರವಾಗಿ ಅದರ ಮುಂದೆ ಹಿಡಿಯಬಹುದಿತ್ತು. ಸರ್ಕಾರಿ ನೇಮಕಾತಿಯಲ್ಲಿ ಇವತ್ತಿಗೂ ಈ ಅನುಕೂಲ ಉಳಿದಿದೆ. ಆಯ್ಕೆ ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ನೌಕರಿ ಹಕ್ಕಾಗುವುದಿಲ್ಲ, ಆದರೆ ಸರ್ಕಾರ ಮನಸ್ಸಿಗೆ ಬಂದಂತೆ ನೇಮಕ ನಿರಾಕರಿಸುವಂತೆಯೂ ಇಲ್ಲ ಎಂದು 1991ರ ಶಂಕರ್ಸನ್ ದಾಸ್ ತೀರ್ಪು ಹೇಳುತ್ತದೆ. ಮಾಹಿತಿ ಹಕ್ಕಿನಲ್ಲಿ ಕಡತದ ಟಿಪ್ಪಣಿ ಕೇಳಬಹುದು, ರಾಜ್ಯ ಆಡಳಿತ ನ್ಯಾಯಮಂಡಳಿಗೋ ಹೈಕೋರ್ಟಿಗೋ ಹೋಗಬಹುದು.

ಖಾಸಗಿ ಗೇಟಿನೊಳಗೆ

ವೈಟ್‌ಫೀಲ್ಡಿನ ಗಾಜಿನ ಕಟ್ಟಡದೊಳಗೆ ಸಂವಿಧಾನದ 16ನೇ ವಿಧಿ ನೇರವಾಗಿ ಕಾಲಿಡುವುದಿಲ್ಲ. ಅಲ್ಲಿ ಕೆಲಸ ಮಾಡುವುದು ಬಿಡಿಬಿಡಿ ಕಾಯ್ದೆಗಳು.

ಹೆಂಗಸರ ವಿಷಯದಲ್ಲಿ 1976ರ ಸಮಾನ ವೇತನ ಕಾಯ್ದೆ ಸಂಬಳದ ಜೊತೆ ನೇಮಕಾತಿಯಲ್ಲೂ ತಾರತಮ್ಯವನ್ನು ನಿಷೇಧಿಸಿತ್ತು. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಮೇಲೆ ಅದೇ ನಿಷೇಧ ವೇತನ ಸಂಹಿತೆಯ 3ನೇ ಕಲಮಿನಲ್ಲಿ ಕುಳಿತಿದೆ. ಮೊದಲ ಸಲದ ತಪ್ಪಿಗೆ ದಂಡ 20,000 ರೂಪಾಯಿಯವರೆಗೆ. ಒಬ್ಬ ಹಿರಿಯ ಎಂಜಿನಿಯರ್‌ನ ಒಂದು ವಾರದ ಸಂಬಳಕ್ಕೂ ಇದು ಸಾಲದು.

ಸಮಾನ ವೇತನ ಕಾಯ್ದೆ ಎಂಬುದೊಂದು ಇದೆ ಎಂದು ಬಹಳ ಜನರಿಗೆ ಗೊತ್ತಾದದ್ದೇ 2024ರ ಜೂನ್‌ನಲ್ಲಿ. ಚೆನ್ನೈ ಬಳಿಯ ಶ್ರೀಪೆರಂಬುದೂರಿನಲ್ಲಿ ಐಫೋನ್ ಜೋಡಿಸುವ ಫಾಕ್ಸ್‌ಕಾನ್ ಕಾರ್ಖಾನೆಯಲ್ಲಿ ಮದುವೆಯಾದ ಹೆಂಗಸರನ್ನು ಬಾಗಿಲಲ್ಲೇ ವಾಪಸ್ ಕಳಿಸಲಾಗುತ್ತಿದೆ ಎಂದು ರಾಯಿಟರ್ಸ್ ತನಿಖಾ ವರದಿ ಬರೆಯಿತು. ಕಂಪನಿ ಆರೋಪವನ್ನು ಅಲ್ಲಗಳೆಯಿತು. ಕೇಂದ್ರ ಕಾರ್ಮಿಕ ಸಚಿವಾಲಯ ಇದೇ ಸಮಾನ ವೇತನ ಕಾಯ್ದೆಯನ್ನು ಉಲ್ಲೇಖಿಸಿ ತಮಿಳುನಾಡಿನಿಂದ ವರದಿ ಕೇಳಿತು. ಅದೇ ಕಂಪನಿಯ ದೊಡ್ಡ ಕಾರ್ಖಾನೆ ಈಗ ನಮ್ಮ ದೇವನಹಳ್ಳಿ ಬಳಿಯೂ ಇರುವುದರಿಂದ ಇದು ಪಕ್ಕದ ರಾಜ್ಯದ ಸುದ್ದಿ ಎಂದು ಪುಟ ಮಗುಚುವಂತಿಲ್ಲ. ಮದುವೆ, ಮಕ್ಕಳು, ‘ಮನೆಯವರು ನೈಟ್ ಶಿಫ್ಟಿಗೆ ಒಪ್ಪುತ್ತಾರಾ?’ ಎಂಬ ಪ್ರಶ್ನೆಗಳನ್ನು ಸಂದರ್ಶನದಲ್ಲಿ ಎದುರಿಸದ ಹೆಣ್ಣುಮಕ್ಕಳು ಎಷ್ಟಿದ್ದಾರು? 2017ರಲ್ಲಿ ಹೆರಿಗೆ ರಜೆ 26 ವಾರವಾಯಿತು, ಖರ್ಚು ಪೂರ್ತಿ ಮಾಲೀಕರ ತಲೆಗೆ ಬಂತು. ಅದರ ಬಿಸಿ ತಟ್ಟುವುದು ಸಂದರ್ಶನದ ಕೋಣೆಯಲ್ಲಿ. ಕೆಲಸದಲ್ಲಿರುವ ಬಸುರಿಗೆ ಹೆರಿಗೆ ಸೌಲಭ್ಯದ ಕಾನೂನು ಬಲವಾಗಿ ರಕ್ಷಣೆ ಕೊಡುತ್ತದೆ, ಆಫರ್ ಹಿಡಿದು ಬಾಗಿಲಲ್ಲಿ ನಿಂತವಳಿಗೆ ಅದೇ ಬಲದಲ್ಲಿ ಕೊಡುವುದಿಲ್ಲ.

ಎಚ್‌ಐವಿ ಪೀಡಿತರ ಕಾನೂನು ಇದಕ್ಕಿಂತ ಸ್ಪಷ್ಟ. ದುಡಿಯಲು ಶಕ್ತನಾದವನಿಗೆ ಸೋಂಕಿನ ಕಾರಣಕ್ಕೆ ಕೆಲಸ ನಿರಾಕರಿಸಬಾರದೆಂದು ಬಾಂಬೆ ಹೈಕೋರ್ಟ್ 1997ರಲ್ಲೇ ಹೇಳಿತ್ತು, ಹೆಸರು ಮುಚ್ಚಿಟ್ಟ ಕೂಲಿ ಕಾರ್ಮಿಕನೊಬ್ಬನ ಪ್ರಕರಣದಲ್ಲಿ. 2017ರ ಕಾಯ್ದೆ ಅದನ್ನು ಖಾಸಗಿಗೂ ವಿಸ್ತರಿಸಿತು. ಕೆಲಸ ಕೊಡಲು ಎಚ್‌ಐವಿ ಪರೀಕ್ಷೆಯ ಷರತ್ತು ಹಾಕುವುದೇ ಕಾನೂನುಬಾಹಿರ. ಅಂಗವಿಕಲರ 2016ರ ಕಾಯ್ದೆ ಖಾಸಗಿ ಸಂಸ್ಥೆಗಳೂ ಸಮಾನ ಅವಕಾಶ ನೀತಿಯನ್ನು ಬರೆದು ಪ್ರಕಟಿಸಬೇಕು ಎನ್ನುತ್ತದೆ, ದೂರು ಕೇಳಲು ರಾಜ್ಯದಲ್ಲಿ ಆಯುಕ್ತರಿದ್ದಾರೆ.

ಹಿಂಪಡೆದ ಆಫರ್ ಎಂಬ ವಿಷಯಕ್ಕೇ ನೇರವಾಗಿ ತಾಗುವ ತೀರ್ಪು ಬಂದದ್ದು ಮಾತ್ರ ತೀರಾ ಇತ್ತೀಚೆಗೆ. ಜೇನ್ ಕೌಶಿಕ್ ಶಿಕ್ಷಕಿ, ಟ್ರಾನ್ಸ್ ಮಹಿಳೆ. ಉತ್ತರ ಪ್ರದೇಶದ ಖಾಸಗಿ ಶಾಲೆಯೊಂದರ ಕೆಲಸ ಕೆಲವೇ ದಿನಗಳಲ್ಲಿ ಕೈತಪ್ಪಿತು. ಆಮೇಲೆ ಗುಜರಾತಿನ ಜಾಮ್‌ನಗರದ ಶಾಲೆಯೊಂದು ಆಫರ್ ಕಳಿಸಿ, ಅವರ ಲಿಂಗ ಗುರುತು ತಿಳಿದ ಮೇಲೆ ಸೇರಿಸಿಕೊಳ್ಳಲಿಲ್ಲ. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಕಾಯ್ದೆ ಯಾವ ಸಂಸ್ಥೆಯೂ ನೇಮಕಾತಿಯಲ್ಲಿ ತಾರತಮ್ಯ ಮಾಡಬಾರದು ಎನ್ನುತ್ತದೆ, ದೂರು ಅಧಿಕಾರಿ ಇರಬೇಕು ಎನ್ನುತ್ತದೆ. ಇದ್ದದ್ದು ಕಾಗದದ ಮೇಲೆ. 2025ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ಅವರಿಗೆ ಪರಿಹಾರ ಕೊಡಿಸಿತು. ಕಾಯ್ದೆಯನ್ನು ನಿದ್ದೆಗೆ ಹಾಕಿದ್ದಕ್ಕೆ ಸರ್ಕಾರಗಳನ್ನೂ ತರಾಟೆಗೆ ತೆಗೆದುಕೊಂಡಿತು. ಸಮಾನ ಅವಕಾಶ ನೀತಿಯ ಕರಡು ತಯಾರಿಸಲು ನಿವೃತ್ತ ನ್ಯಾಯಮೂರ್ತಿ ಆಶಾ ಮೆನನ್ ಅವರ ಸಮಿತಿ ರಚಿಸಿತು. ಇಲ್ಲಿ ಹಣದ ಮೊತ್ತಕ್ಕಿಂತ ದೊಡ್ಡ ವಿಷಯವೆಂದರೆ, ಕಾರಣ ಸಾಬೀತಾದರೆ ಖಾಸಗಿ ಶಾಲೆಯೂ ತೆರಬೇಕಾಗುತ್ತದೆ ಎಂಬುದು ಮೇಲಿನ ಕೋರ್ಟಿನಿಂದಲೇ ಬಂದದ್ದು.

ಹೆಸರು ನೋಡಿ

ಮೇಲಿನ ಪಟ್ಟಿಯಲ್ಲಿ ಏನು ಕಾಣೆಯಾಗಿದೆ ಎಂದು ಓದುಗರು ಆಗಲೇ ಗುರುತಿಸಿರಬಹುದು. ಜಾತಿ, ಧರ್ಮ, ಊರು, ಭಾಷೆ. ಇವುಗಳ ಆಧಾರದ ಮೇಲೆ ಖಾಸಗಿ ನೇಮಕಾತಿಯಲ್ಲಿ ತಾರತಮ್ಯ ಮಾಡಬಾರದೆಂದು ಹೇಳುವ ಒಂದು ಸಮಗ್ರ ಕಾಯ್ದೆ ಭಾರತದಲ್ಲಿಲ್ಲ. ಸಾಚಾರ್ ಸಮಿತಿ 2006ರಲ್ಲಿ ಸಮಾನ ಅವಕಾಶ ಆಯೋಗ ಬೇಕೆಂದಿತು. ಶಶಿ ತರೂರ್ 2017ರಲ್ಲಿ ಲೋಕಸಭೆಯಲ್ಲಿ ತಾರತಮ್ಯ ವಿರೋಧಿ ಖಾಸಗಿ ಮಸೂದೆ ಮಂಡಿಸಿದರು, ಅದು ಅಲ್ಲೇ ಸತ್ತಿತು. ಪರಿಶಿಷ್ಟರಿಗೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಕೆಲಸ ಮಾಡದಂತೆ ಅಡ್ಡಿಪಡಿಸುವುದು ಅದರಡಿ ಅಪರಾಧವಾಗಬಹುದು. ಆದರೆ ಕ್ರಿಮಿನಲ್ ಕಾನೂನು ಬೇಡುವ ಮಟ್ಟದ ಸಾಕ್ಷ್ಯವನ್ನು ‘ವ್ಯಾವಹಾರಿಕ ಅಗತ್ಯ’ ಎಂಬ ಎರಡು ಪದಗಳ ಅಡಿಯಿಂದ ತೆಗೆಯುವುದು ಸುಲಭವಲ್ಲ.

ತಾರತಮ್ಯ ಇದೆಯೇ ಎನ್ನುವವರು ಸುಖದೇವ್ ಥೋರಟ್ ಮತ್ತು ಪಾಲ್ ಅಟೆವೆಲ್ ಮಾಡಿದ ಪ್ರಯೋಗವನ್ನು ನೋಡಬೇಕು. 2005ರಿಂದ ಶುರುಮಾಡಿ ಅವರು ಪತ್ರಿಕೆಗಳಲ್ಲಿ ಬಂದ ಖಾಸಗಿ ಕಂಪನಿಗಳ 548 ಜಾಹೀರಾತುಗಳಿಗೆ 4,808 ಅರ್ಜಿ ಕಳಿಸಿದರು. ಅರ್ಹತೆ ಸಮ, ಕಾಲೇಜು ಸಮ. ಬದಲಾದದ್ದು ಹೆಸರು ಮಾತ್ರ. ಒಂದು ಮೇಲ್ಜಾತಿ ಹಿಂದೂ ಹೆಸರು, ಒಂದು ದಲಿತ ಹೆಸರು, ಒಂದು ಮುಸ್ಲಿಂ ಹೆಸರು. ಅರ್ಜಿಯಲ್ಲಿ ಜಾತಿ, ಧರ್ಮದ ಉಲ್ಲೇಖವೇ ಇರಲಿಲ್ಲ. 2007ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮೇಲ್ಜಾತಿ ಹೆಸರಿಗೆ ಕರೆ ಬರುವ ಸಂಭವವನ್ನು ಒಂದು ಎಂದಿಟ್ಟುಕೊಂಡರೆ ದಲಿತ ಹೆಸರಿಗೆ ಅದು 0.67, ಮುಸ್ಲಿಂ ಹೆಸರಿಗೆ 0.33. ಹೆಸರಿನ ಕಾರಣಕ್ಕೆ ಕರೆ ಬರದ ಅರ್ಜಿದಾರರಲ್ಲಿ ಯಾರೊಬ್ಬರಿಗೂ ತಮಗೆ ಹೀಗಾಯಿತು ಎಂದು ತಾವೇ ತಿಳಿಯುವ ದಾರಿಯಿರುವುದಿಲ್ಲ. ಸಾವಿರಾರು ಅರ್ಜಿಗಳನ್ನು ಪಕ್ಕಪಕ್ಕ ಇಟ್ಟಾಗ ಮಾತ್ರ ಅದು ಕಾಣುತ್ತದೆ. ಸಂದರ್ಶನ ಮುಗಿದ ಮೇಲೆ ಕಾಫಿ ಕೊಡುತ್ತ ‘ನೀವು ಯಾವ ಕಡೆಯವರು? ಅಂದ್ರೆ… ಯಾವ ಜನ?’ ಎಂದು ಕೇಳುವ ಮ್ಯಾನೇಜರ್ ಆ ಅಂಕಿಗಳ ಮನುಷ್ಯರೂಪ.

ಕನ್ನಡಿಗರಿಗೆ ಬೆಂಗಳೂರಿನಲ್ಲೇ ಕೆಲಸ ಸಿಗುತ್ತಿಲ್ಲ ಎಂಬ ದೂರು 1986ರ ಸರೋಜಿನಿ ಮಹಿಷಿ ವರದಿಗಿಂತ ಹಳೆಯದು. 2024ರ ಜುಲೈನಲ್ಲಿ ರಾಜ್ಯ ಸಂಪುಟ ಸ್ಥಳೀಯರಿಗೆ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಮೀಸಲಿಡುವ ಮಸೂದೆಗೆ ಒಪ್ಪಿಗೆ ಕೊಟ್ಟು, ಉದ್ಯಮಗಳು ಕೂಗೆದ್ದ ಕೂಡಲೇ ತಡೆಹಿಡಿಯಿತು. ಹರಿಯಾಣದ ಅಂಥದೇ ಕಾಯ್ದೆಯನ್ನು ಅಲ್ಲಿನ ಹೈಕೋರ್ಟ್ 2023ರಲ್ಲಿ ರದ್ದುಮಾಡಿತ್ತು. ಕೋಟಾ ಬೇಕೋ ಬೇಡವೋ ಎಂಬ ಈ ಗದ್ದಲದಲ್ಲಿ ಚಿಕ್ಕ ಪ್ರಶ್ನೆಯೊಂದು ಕಳೆದುಹೋಯಿತು. ರಾಯಚೂರಿನ ಒಬ್ಬ ಹುಡುಗನನ್ನು ಊರು, ಭಾಷೆ ನೋಡಿಯೇ ಬಿಟ್ಟಿದ್ದಾರೆ ಎಂದಾದರೆ ಅವನು ಯಾರ ಬಳಿ ದೂರು ಕೊಡಬೇಕು? ಅದಕ್ಕೆ ಕೋಟಾ ಬೇಕಿಲ್ಲ, ಕಡತ ತರಿಸಿ ನೋಡುವ ಅಧಿಕಾರವಿರುವ ಒಂದು ಕಚೇರಿ ಬೇಕು.

ಅಮೆರಿಕದಲ್ಲಿ ಅಂಥ ಕಚೇರಿಯಿದೆ. ಅಲ್ಲಿರುವ ನಮ್ಮವರು ಇದನ್ನು ತಿಳಿದಿರಬೇಕು, ಯಾಕೆಂದರೆ ಗಡುವು ಚಿಕ್ಕದು: ಸಮಾನ ಉದ್ಯೋಗಾವಕಾಶ ಆಯೋಗಕ್ಕೆ 180 ದಿನದೊಳಗೆ ದೂರು ಹೋಗಬೇಕು, ರಾಜ್ಯದ ಸಂಸ್ಥೆಯೂ ಇರುವಲ್ಲಿ 300 ದಿನ. ಅಲ್ಲಿನ ಸುಪ್ರೀಂ ಕೋರ್ಟ್ 1973ರಲ್ಲಿ, ಸೇಂಟ್ ಲೂಯಿಯ ಕರಿಯ ಮೆಕ್ಯಾನಿಕ್ ಪರ್ಸಿ ಗ್ರೀನ್ ಪ್ರಕರಣದಲ್ಲಿ, ಸಾಕ್ಷ್ಯದ ಹೊರೆಯನ್ನು ಹಂಚಿತು. ನಾನು ಅರ್ಹ, ನನ್ನನ್ನು ನಿರಾಕರಿಸಿದರು, ಆಮೇಲೂ ಅದೇ ಹುದ್ದೆಗೆ ಜನ ಹುಡುಕಿದರು ಎಂದು ಅಭ್ಯರ್ಥಿ ತೋರಿಸಿದರೆ ಸಾಕು, ಕಾರಣ ಹೇಳುವ ಸರದಿ ಕಂಪನಿಯದು. ನಮ್ಮಲ್ಲಿ ನೇಮಕಾತಿಗೆಂದೇ ಹೀಗೆ ಬರೆದ ನಿಯಮವಿಲ್ಲ. ಆದರೂ ಒಬ್ಬರಿಗೆ ಮಾತ್ರ ವಿಶೇಷವಾಗಿ ಗೊತ್ತಿರುವ ಸಂಗತಿಯನ್ನು ರುಜುವಾತು ಮಾಡುವ ಹೊಣೆ ಅವರದೇ ಎಂದು ಸಾಕ್ಷ್ಯ ಕಾನೂನು ಮೊದಲಿನಿಂದಲೂ ಹೇಳುತ್ತದೆ. ಒಳ್ಳೆಯ ವಕೀಲರಿಗೆ ಅದು ಹಿಡಿಕೆಯಾಗಬಹುದು.

ಮೊದಲ ಎರಡು ದಿನ

ಇಮೇಲ್ ಬಂದ ಕೂಡಲೇ ಮಾಡಬೇಕಾದ ಕೆಲಸ ಹೊಸ ಕಂಪನಿಯ ಮೇಲೆ ಕೂಗಾಡುವುದಲ್ಲ, ಹಳೆಯ ಕಂಪನಿಗೆ ಬರೆಯುವುದು. ಮುಂದಿನ ದಿನಾಂಕದಿಂದ ಜಾರಿಯಾಗುವ ರಾಜೀನಾಮೆಯನ್ನು ಆ ದಿನಕ್ಕೆ ಮುಂಚೆ ವಾಪಸ್ ಪಡೆಯಬಹುದೆಂದು ಸುಪ್ರೀಂ ಕೋರ್ಟ್ 1978ರಿಂದ ಹಲವು ಸಲ ಹೇಳಿದೆ. ಅವು ಹೆಚ್ಚಾಗಿ ಸರ್ಕಾರಿ ಹುದ್ದೆಗಳ ಪ್ರಕರಣಗಳು. ಖಾಸಗಿಯಲ್ಲಿ ನಿಮ್ಮ ನೇಮಕಾತಿ ಪತ್ರದ ಷರತ್ತೇ ಮುಖ್ಯ. ಆದರೂ ಲಾಸ್ಟ್ ವರ್ಕಿಂಗ್ ಡೇ ದಾಟಿಲ್ಲವೆಂದರೆ ‘ರಾಜೀನಾಮೆ ಹಿಂಪಡೆಯುತ್ತಿದ್ದೇನೆ’ ಎಂದು ಅಂದೇ ಬರೆಯಿರಿ. ಮುಜುಗರಕ್ಕೆ ಒಂದು ವಾರ ಕಾದರೆ ಈ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ.

ಅದಾದ ಮೇಲೆ ಹೊಸ ಕಂಪನಿಗೆ ಶಾಂತವಾಗಿ ಒಂದು ಇಮೇಲ್. ಯಾವ ಷರತ್ತು ಈಡೇರಲಿಲ್ಲ? ಹುದ್ದೆಯೇ ರದ್ದಾಯಿತೇ, ಅಥವಾ ನನ್ನ ಆಯ್ಕೆ ಮಾತ್ರ ರದ್ದಾಯಿತೇ? ಈ ಎರಡನೆಯ ಪ್ರಶ್ನೆ ಬಹಳ ಮುಖ್ಯ. ‘ಹುದ್ದೆ ರದ್ದು’ ಎಂದು ಅವರು ಬರೆದುಕೊಟ್ಟು, ಎರಡು ವಾರದಲ್ಲಿ ಅದೇ ಹುದ್ದೆ ನೌಕರಿ ಡಾಟ್ ಕಾಮ್‌ನಲ್ಲೋ ಲಿಂಕ್ಡ್‌ಇನ್‌ನಲ್ಲೋ ಮತ್ತೆ ಕಾಣಿಸಿಕೊಂಡರೆ ನಿಮ್ಮ ಕೈಗೆ ಸಿಗುವ ಅತಿ ದೊಡ್ಡ ಸಾಕ್ಷ್ಯ ಅದೇ. ದಿನಾಂಕ ಕಾಣುವಂತೆ ಉಳಿಸಿಟ್ಟುಕೊಳ್ಳಿ. ಕಂಪನಿ ಉತ್ತರಿಸದಿದ್ದರೆ, ಕೇಳಿದೆ, ಹೇಳಲಿಲ್ಲ ಎಂಬುದೂ ದಾಖಲೆಯಾಗುತ್ತದೆ. ಫೋನಿನಲ್ಲಿ ಏನಾದರೂ ಹೇಳಿದರೆ ಅರ್ಧ ಗಂಟೆಯೊಳಗೆ ‘ತಾವು ಈಗ ಫೋನಿನಲ್ಲಿ ಹೀಗೆ ಹೇಳಿದಿರಿ’ ಎಂದು ಇಮೇಲ್ ಮಾಡಿ. ವಾಟ್ಸ್ಆ್ಯಪ್ ಮಾತುಕತೆಯನ್ನು ಸಿಟ್ಟಿನಲ್ಲಿ ಅಳಿಸಬೇಡಿ, ಫೋನನ್ನೂ ಸದ್ಯಕ್ಕೆ ಬದಲಿಸಬೇಡಿ. ಡಿಜಿಟಲ್ ದಾಖಲೆಯನ್ನು ಕೋರ್ಟಿಗೆ ಕೊಡುವಾಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ, ಮೂಲ ಸಾಧನ ಇದ್ದರೆ ಕೆಲಸ ಹಗುರ.

ಒಂದು ಹಾಳೆಯಲ್ಲಿ ದಿನಾಂಕವಾರು ಬರೆಯಿರಿ: ಸಂದರ್ಶನ, ಆಫರ್, ಒಪ್ಪಿಗೆ, ರಾಜೀನಾಮೆ, ಮೆಡಿಕಲ್, ದಾಖಲೆ ಕಳಿಸಿದ್ದು, ಯಾರು ಏನು ಕೇಳಿದರು, ಹಿಂಪಡೆದದ್ದು. ಹೀಗೆ ಬರೆದಾಗ ಅನುಮಾನ ಗಟ್ಟಿಯಾಗುವುದೂ ಉಂಟು, ಕರಗುವುದೂ ಉಂಟು. ಅದೇ ದಿನ ಇನ್ನೂ ಮೂವತ್ತು ಜನರ ಆಫರ್ ಹೋಗಿದ್ದರೆ ಅದು ಬಹುಶಃ ಬಜೆಟ್ಟಿನ ಕತೆ. ನಿಮ್ಮದೊಂದೇ ಹೋಗಿ, ಅದೂ ಗರ್ಭಿಣಿ ಎಂದು ಹೇಳಿದ ಮಾರನೆಯ ದಿನವಾದರೆ ವಕೀಲರನ್ನು ನೋಡುವ ಹೊತ್ತು. ದುಡ್ಡಿಲ್ಲವೆಂದು ಹಿಂಜರಿಯಬೇಕಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಮಹಿಳೆಯರು, ಪರಿಶಿಷ್ಟರು, ಅಂಗವಿಕಲರು ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿಗೆ ಅರ್ಹರು. ಉಳಿದವರಿಗೆ ಆದಾಯ ಮಿತಿಯಿದೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಪ್ರಾಧಿಕಾರದ ಕಚೇರಿ ಇರುತ್ತದೆ, ಸಹಾಯವಾಣಿ 15100. ಒಪ್ಪಂದ ಭಂಗದ ದಾವೆಗೆ ಮೂರು ವರ್ಷ ಕಾಲಾವಕಾಶವಿದ್ದರೂ ಹೆಚ್ಚಿನ ಜಗಳಗಳು ಅಲ್ಲಿಯವರೆಗೆ ಹೋಗುವುದಿಲ್ಲ. ದಿನಾಂಕಗಳನ್ನು ಕ್ರಮವಾಗಿ ಜೋಡಿಸಿದ ಒಂದು ವಕೀಲ ನೋಟಿಸ್ ಕಂಪನಿಯ ಲೀಗಲ್ ವಿಭಾಗದ ಮೇಜಿಗೆ ಹೋದಾಗ, ಎಚ್‌ಆರ್ ಮೂರು ವಾರ ಎತ್ತದ ಫೋನು ತಾನಾಗಿ ಬರುವುದುಂಟು. ಆಗ ಎಷ್ಟಕ್ಕೆ ಮುಗಿಸಿಕೊಳ್ಳಬೇಕು ಎಂಬುದು ನಿಮ್ಮ ಲೆಕ್ಕ.

ಮುಂದಿನ ಸಂದರ್ಶನದಲ್ಲಿ ಈ ಖಾಲಿ ತಿಂಗಳುಗಳ ಬಗ್ಗೆ ಕೇಳಿದರೆ ಇದ್ದದ್ದನ್ನು ಎರಡು ವಾಕ್ಯದಲ್ಲಿ ಹೇಳಿ ಮುಗಿಸಿ. ಹಳೆಯ ಆಫರ್ ಮತ್ತು ಹಿಂಪಡೆದ ಇಮೇಲ್ ತೋರಿಸಲು ಜೊತೆಯಲ್ಲಿರಲಿ. ಮತ್ತೆ ಆಫರ್ ಬಂದಾಗ ಬಿಜಿವಿ, ಮೆಡಿಕಲ್ ಎರಡೂ ಮುಗಿದು ಷರತ್ತಿಲ್ಲದ ನೇಮಕಾತಿ ಪತ್ರ ಕೈಗೆ ಬರುವವರೆಗೆ ರಾಜೀನಾಮೆ ಕೊಡಬೇಡಿ, ಜೊತೆಗೆ ಆಫರಿನಲ್ಲಿ ಒಂದು ಸಾಲು ಸೇರಿಸಲು ಕೇಳಿ: ನಾನು ಒಪ್ಪಿದ ಮೇಲೆ ನೀವು ಹಿಂದೆ ಸರಿದರೆ ನನ್ನ ಈಗಿನ ನೋಟಿಸ್ ಅವಧಿಯಷ್ಟು ಸಂಬಳ ಕೊಡತಕ್ಕದ್ದು. ಒಪ್ಪಂದ ಕಾಯ್ದೆಯ 74ನೇ ಕಲಮು ಹೀಗೆ ಮೊದಲೇ ಬರೆದಿಟ್ಟ ಮೊತ್ತವನ್ನು ಮಾನ್ಯಮಾಡುತ್ತದೆ, ಅದರೊಳಗೆ ಸಮಂಜಸವಾದಷ್ಟನ್ನು ಕೋರ್ಟ್ ಕೊಡಿಸಬಹುದು. ಹೆಚ್ಚಿನ ಎಚ್‌ಆರ್‌ಗಳು ‘ನಮ್ಮ ಪಾಲಿಸಿಯಲ್ಲಿ ಇಲ್ಲ’ ಎನ್ನುತ್ತಾರೆ. ಬೇಗ ಸೇರಲಿ ಎಂದು ನೋಟಿಸ್ ಬೈಔಟ್ ಹಣ ಕಟ್ಟಲು ತಯಾರಿರುವ ಕಂಪನಿ ಇದಕ್ಕೆ ಯಾಕೆ ಒಲ್ಲೆ ಎನ್ನುತ್ತದೆ ಎಂದು ಒಮ್ಮೆ ಕೇಳಿ ನೋಡಿ.